ರಿಲಿಂಕ್ವಿಷ್

ಪಂಚಾಕ್ಷರಯ್ಯ ಚೀಲದಿಂದ ಕಾಗದಕ್ಕಿಂತ ಮೊದಲು ಇಂಕ್ ಪ್ಯಾಡ್ ತೆಗೆದು ಚಾಪೆಯ ಮೇಲಿಟ್ಟರು. ಅವರ ತಂಗಿ ಮಹಾನಂದ ಅದನ್ನು ನೋಡಿ ನಕ್ಕಳು.

"ಹೆಬ್ಬೆಟ್ಟು ಯಾಕಣ್ಣ? ಸಹಿ ಮಾಡ್ತೀನಿ. ರಾತ್ರಿ ಶಾಲೆಗೆ ಸೇರಿ ಎರಡು ವರ್ಷ ಆಯ್ತಲ್ಲ."

"ಮರ್ತೇಹೋಗಿತ್ತು ನೋಡು!" ಪಂಚಾಕ್ಷರಯ್ಯ ಜೊತೆಗೆ ಬಂದಿದ್ದ ಪತ್ರ ಬರಹಗಾರ ನರಸಿಂಹಯ್ಯನವರ ಕಡೆ ಕಣ್ಣು ಮಿಟುಕಿಸಿದರು. "ಆಸ್ಪತ್ರೇಲಿ ಆಯಾ ಕೆಲಸ ಮುಗಿಸ್ಕೊಂಡು ಇಂಗ್ಲಿಷ್ ಕಲೀತಾಳೆ ನಮ್ಮ ನಂದಾ. ತಗೋಮ್ಮ ಪೆನ್ನು, ನಾಲ್ಕು ಕಡೆ ಸಹಿ ಹಾಕು. ಅಪ್ಪ ಹೋದ್ಮೇಲೂ ಚಾಮರಾಜಪೇಟೆ ಮನೆ ಇನ್ನೂ ಅವರ ಹೆಸರಲ್ಲೇ ಇದೆ, ನನ್ನ ಹೆಸರಿಗೆ ಮಾಡ್ಕೋಬೇಕು. ಹೆಣ್ಮಕ್ಕಳಿಗೆ ಅದ್ರಲ್ಲಿ ಏನೂ ಇಲ್ಲ. ಸುಮ್ನೆ ಪದ್ಧತಿಗೆ ಕೇಳ್ತಾರೆ."

ಎನ್.ಆರ್. ಕಾಲೋನಿಯ ವಠಾರದಲ್ಲಿ ಆರು ಸಂಸಾರಕ್ಕೆ ಒಂದೇ ನಲ್ಲಿ. ಮಹಾನಂದಳದು ಒಂದೇ ಕೋಣೆ. ಅವಳು ಇಂಗ್ಲಿಷಿನಲ್ಲಿದ್ದ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು, ಪದಪದಕ್ಕೂ ಬೆರಳಿಟ್ಟು ಓದತೊಡಗಿದಳು. ಇಬ್ಬರ ಕಾಫಿಯೂ ಮುಗಿಯಿತು. ಒಂದು ಪದದ ಮೇಲೆ ಬೆರಳು ನಿಂತಿತು. ಅವಳು ಎದ್ದು ಗೂಡಿನಿಂದ ನಿಘಂಟು ತಂದಳು.

"ರಿಲಿಂಕ್ವಿಷ್. ತನ್ನ ಹಕ್ಕು, ಸ್ವತ್ತು, ಅಧಿಕಾರವನ್ನು ಬಿಟ್ಟುಕೊಡು."

"ಗೊತ್ತಾಯ್ತಲ್ಲ, ಹಾಕು ಸಹಿ."

"ತಾಳಣ್ಣ. ಅರ್ಥ ನೋಡಿದ್ಮೇಲೆ ಒಂದು ಸ್ವಂತ ವಾಕ್ಯ ಮಾಡ್ಬೇಕು ಅಂತಾರೆ ನಮ್ಮ ಸುಪ್ರಜಾ ಮಿಸ್ಸು." ಒಂದು ಗಳಿಗೆ ಯೋಚಿಸಿ ಅವಳು ನರಸಿಂಹಯ್ಯನವರ ಕಡೆ ತಿರುಗಿದಳು. "ಮಾರ್ಕೆಟ್ ಬಸ್ಸಲ್ಲಿ ನಾನು ಒಂದು ಅಜ್ಜಿಗೆ ಸೀಟು ರಿಲಿಂಕ್ವಿಷ್ ಮಾಡಿದೆ. ಸರೀನಾ ಸಾರ್?"

ನರಸಿಂಹಯ್ಯನವರಿಗೆ ಖುಷಿಯಾಯಿತು. ಮೂವತ್ತು ವರ್ಷದಿಂದ ಆ ಪದ ಬರೆಯುತ್ತಿದ್ದರೂ ಯಾರೂ ಅದರ ಬಗ್ಗೆ ಅವರನ್ನು ಕೇಳಿರಲಿಲ್ಲ. "ಅರ್ಥ ಸರಿ ಇದೆ ತಾಯಿ. ಆದ್ರೆ ಇದು ಕೋರ್ಟು ಕಚೇರಿ ಪದ. ಬಸ್ಸಿನ ಸೀಟಿಗೆ ಸ್ವಲ್ಪ ದೊಡ್ಡದಾಯ್ತು."

"ನಿಂತ್ಕೊಂಡಿರೋಳು ರಿಲಿಂಕ್ವಿಷ್ ಮಾಡ್ಬಹುದಾ ಸಾರ್?"

"ಅದ್ಹೇಗೆ? ಕೂತಿದ್ರೆ ತಾನೇ ಬಿಟ್ಟುಕೊಡೋದು!" ಎಂದುಬಿಟ್ಟ ನರಸಿಂಹಯ್ಯ ತಟ್ಟನೆ ನಾಲಿಗೆ ಕಚ್ಚಿಕೊಂಡರು.

ಮಹಾನಂದ ನಿಘಂಟು ಮುಚ್ಚಿದಳು. "ಹಂಗಾದ್ರೆ ಆ ಮನೇಲಿ ನಾನೂ ಕೂತಿದೀನಿ ಅಣ್ಣ."

"ಒಂದು ಪದ ಹಿಡ್ಕೊಂಡು ಜಗ್ಗಾಡ್ತಾಳೆ! ರೀ ನರಸಿಂಹಯ್ಯ, ಬೇರೆ ಪದ ಹಾಕ್ರೀ."

"ಯಾವ ಪದ ಹಾಕಿದ್ರೂ ಅರ್ಥ ಅದೇ ಸ್ವಾಮಿ," ಎಂದು ನರಸಿಂಹಯ್ಯ ಗೋಡೆ ನೋಡಿದರು.

"ಕೋಪ ಮಾಡ್ಕೋಬೇಡಣ್ಣ," ಮಹಾನಂದ ಮೆಲ್ಲಗೆ ಹೇಳಿದಳು. "ಏನೂ ಇಲ್ಲ ಅಂತ ಮಾತ್ರ ಅನ್ಬೇಡ. ಇದೆ, ಕೊಡ್ತೀಯಾ ಅಂತ ಕೇಳು. ಕೇಳೋ ಹಾಗೆ ಕೇಳು."

ಪಂಚಾಕ್ಷರಯ್ಯ ಬಾಗಿಲ ಕಡೆ ನೋಡಿದರು. ತೊಂಬತ್ತೆಂಟರ ಕ್ಯಾಲೆಂಡರ್ ನೋಡಿದರು. ಪಕ್ಕದ ಮನೆಯ ಕುಕ್ಕರ್ ಎರಡು ಸಲ ಕೂಗಿತು. ಕೊನೆಗೆ, ಖಾಲಿ ಲೋಟವನ್ನು ಅತ್ತಿತ್ತ ತಿರುಗಿಸುತ್ತ ಕೇಳಿದರು: "ನಂದಾ... ಅಪ್ಪನ ಮನೇಲಿ ನಿನ್ನ ಪಾಲಿದೆ. ನಂಗೆ ಬಿಟ್ಟುಕೊಡ್ತೀಯೇನಮ್ಮ?"

ಐವತ್ತೆರಡು ವರ್ಷದಲ್ಲಿ ಅಣ್ಣ ಅವಳನ್ನು ಏನನ್ನಾದರೂ ಕೇಳಿದ್ದು ಇದೇ ಮೊದಲು. ಈವರೆಗೆ ಹೇಳಿದ್ದಷ್ಟೇ. ಮಹಾನಂದ ಆ ಮಾತನ್ನು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಪೆನ್ನಿಗೆ ಕ್ಯಾಪು ಹಾಕಿ, ಕಾಗದವನ್ನು ಮೊದಲಿನ ಮಡಿಕೆಯಲ್ಲೇ ಮಡಿಸಿ ಅಣ್ಣನ ಕೈಗಿಟ್ಟಳು.

"ಇಲ್ಲಣ್ಣ, ಕೊಡಲ್ಲ," ಎಂದಳು ಬಲು ಪ್ರೀತಿಯಿಂದ. "ಇಬ್ರೂ ಊಟ ಮಾಡ್ಕೊಂಡೇ ಹೋಗ್ಬೇಕು. ಸಾರಿಗೆ ಒಗ್ಗರಣೆ ಹಾಕೋದೊಂದು ಬಾಕಿ."