ಸ್ಪಂಜನ್ನು ಹೆದರಿಸುವ ಕೈ

ಬೆಳಗಿನ ಚಾ ಮುಗಿದದ್ದೇ ನಮ್ಮ ಮರವಂತೆಯ ಹೆಂಗಸರೆಲ್ಲ ತಂತಮ್ಮ ಪಕ್ಕದ ಮನೆಯ ಸ್ಪಂಜನ್ನು ಹೆದರಿಸಲು ಹೊರಡುತ್ತಾರೆ. ಓಡಲಾರದ, ಕಚ್ಚಲಾರದ ಆ ಕಡಲಜೀವಿ ಹೆದರಿದಾಗ ಮಾತ್ರ ನೋವಿನ ಮದ್ದು ಒಸರುತ್ತದೆ. ಪರಿಚಯದ ಕೈಗೆ ಅದು ಹೆದರುವುದಿಲ್ಲ.

ನೆರೆಮನೆಯಾಕೆ ಸಾಧು ಎಂದಿನಂತೆ ಗುಲಾಬಿಯ ಮನೆಗೆ ಬಂದು, ಮಂಚದ ಪಕ್ಕದ ಉಪ್ಪುನೀರಿನ ಟಬ್ಬಿಗೆ ಕೈ ಇಳಿಸಿ ಸ್ಪಂಜನ್ನು ಚಿವುಟಿದಳು. ನೀರು ತಿಳಿಯಾಗಿಯೇ ಉಳಿಯಿತು.

"ನನ್ನ ಕೈಯೂ ಅದಕ್ಕೆ ಅಭ್ಯಾಸ ಆಯ್ತ್ ಕಾಣ್ ಗುಲಾಬಕ್ಕ. ಹೆದ್ರುದೇ ಇಲ್ಲೆ."

ಕೇರಿಯವರೆಲ್ಲ ಸರದಿಯಲ್ಲಿ ಚಿವುಟಿ ಮುಗಿದಿತ್ತು. ದೋಣಿಯಿಂದ ಬಿದ್ದು ಸೊಂಟ ಮುರಿದುಕೊಂಡ ಗುಲಾಬಿಯ ಗಂಡ ಶೀನ ಮಂಚದ ಮೇಲೆ ಹಲ್ಲು ಕಚ್ಚಿ ಮಲಗಿದ್ದ. ಮದ್ದಿಲ್ಲದೆ ಅವನಿಗೆ ನೋವು ತಡೆಯಲಾಗುತ್ತಿರಲಿಲ್ಲ. ಆದರೂ ಸ್ಪಂಜನ್ನು ಚಿವುಟುವಾಗೆಲ್ಲ ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದ; ಒಮ್ಮೆಯೂ ಅದನ್ನು ಮುಟ್ಟಿರಲಿಲ್ಲ.

ಗುಲಾಬಿಗೆ ಥಟ್ಟನೆ ಹೊಳೆಯಿತು. ಟಬ್ಬನ್ನು ಮಂಚಕ್ಕೆ ತಾಗಿಸಿ ಎಳೆದಳು.

"ನೀವೇ ಒಂದ್ಸಲ ಕೈ ಹಾಕಿ."

"ನನ್ನ ಸಲುವಾಗಿ ದಿನಾ ಹೆದ್ರುದ್ ಅದು. ಈಗ ನಾನೇ ಹೆದ್ರಿಸುದಾ?"

"ಹಾಕಿ ಅಂದೆ."

ಶೀನ ಕಷ್ಟಪಟ್ಟು ಮಗ್ಗುಲಾಗಿ, ಕೈಯನ್ನು ನೀರಿಗಿಳಿಸಿದ. ಬೆರಳು ತಾಗಿದ್ದೇ ಸ್ಪಂಜು ಮುದುಡಿಕೊಂಡಿತು. ನೀರಿನ ತುಂಬ ನೀಲಿ ಮದ್ದು ಹರಡಿತು. ಸಾಧು ಓಡಿಹೋಗಿ ಲೋಟ ತಂದಳು.

ಶೀನ ಮಾತ್ರ ಕೈ ತೆಗೆಯಲಿಲ್ಲ. ಸ್ಪಂಜನ್ನು ಮೆಲ್ಲಗೆ ಸವರುತ್ತ, "ಹೆದ್ರ್‌ಬೇಡ ಮಾರಾಯಾ, ನಾನೇ" ಎಂದ.

"ಅಯ್ಯೋ, ಮುದ್ದು ಮಾಡ್ಬೇಡಿ!" ಗುಲಾಬಿ ಅವನ ಒದ್ದೆ ಕೈಯನ್ನು ಎಳೆದು ತನ್ನ ಸೆರಗಿನೊಳಗೆ ಒತ್ತಿ ಹಿಡಿದಳು. "ಅದು ನಾಳೆಗೂ ಹೆದ್ರ್‌ಬೇಕಲ್ದಾ?"