ತಡೆಗೋಡೆಯ ಎರಡು ಹೆಸರು

ನಾಲೆಯ ಆಚೆ ದಡದ ಗದ್ದೆಗಳಿಗೆ ಗಾಡಿ ಹೋಗಲೆಂದು ಮುತ್ತಾತಂದಿರ ಕಾಲದಲ್ಲಿ ಕಟ್ಟಿದ ಇಟ್ಟಿಗೆ ಸೇತುವೆ ಅದು. ಈಗ ನಡೆದಿದ್ದ ರಿಪೇರಿಗೆ ಹಳೆಯ ಇಟ್ಟಿಗೆಗಳನ್ನೇ ಬಿಚ್ಚಿ, ತೊಳೆದು, ಇದ್ದ ಜಾಗದಲ್ಲೇ ಕೂರಿಸಬೇಕೆಂದು ಇಂಜಿನಿಯರ್ ತಾಕೀತು ಮಾಡಿದ್ದರು.

ಗಾರೆ ಕೆಲಸದ ಮರಿಯಪ್ಪ ತಡೆಗೋಡೆಯ ಸುಣ್ಣ ಕೆರೆಯುತ್ತಿದ್ದಾಗ ಒಂದು ಇಟ್ಟಿಗೆಯ ಮೇಲೆ ಎರಡು ಹೆಸರು ಕಂಡವು. ಯಾರೋ ಮೊಳೆಯಲ್ಲಿ ಕೊರೆದದ್ದು. ಒಂದು ಜಯ, ಪಕ್ಕದಲ್ಲೇ ಗಾರೆ ಕಲಸುತ್ತಿದ್ದ ಅವನ ಹೆಂಡತಿ. ಇನ್ನೊಂದು ರುದ್ರೇಶ. ಬೆಳಗ್ಗೆ ತಾನೇ ಬೀಡಿ ಕೊಟ್ಟು, ಸೇತುವೆ ದಾಟಿ ಗದ್ದೆಗೆ ಹೋದನಲ್ಲ, ಅದೇ ರುದ್ರೇಶ. ಮರಿಯಪ್ಪ ಹೆಂಡತಿಯ ಕಡೆ ತಿರುಗಿದ.

“ಏನಮ್ಮಿ ಇದು?”

“ಮದ್ವೆಗೆ ಮುಂಚಿಂದು ಬುಡಿ. ಹುಡ್ಗಾಟ.”

“ಹುಡ್ಗಾಟ್ವಾ? ದಿನಾ ಇದನ್ನ ಸವರ್ಕೊಂಡೇ ಓಡಾಡ್ತಾನೇನೋ ಅವ್ನು!”

“ಸುಣ್ಣದ ಕೆಳಗಿದ್ದದ್ನ ಯಾರು ಸವರ್ತಾರೆ?”

ಆ ಮಾತೂ ಅವನಿಗೆ ಹಿಡಿಸಲಿಲ್ಲ. ಒಡೆದೇ ಹಾಕೋಣವೆಂದು ಸುತ್ತಿಗೆ ಎತ್ತಿದವನು ಇಂಜಿನಿಯರ್ ನೆನಪಾಗಿ ಇಳಿಸಿದ.

“ಇದರ ಮೊಕ ಒಳಗೆ ಮಾಡಿ ಕಟ್ತೀನಿ. ಇನ್ಮೇಲೆ ಯಾವ ನನ್ಮಗನೂ ಓದ್ಬಾರ್ದು.”

ಜಾಗ ಬಿಡಿಸಲು ಪಕ್ಕದ ಇಟ್ಟಿಗೆಯನ್ನು ಕಿತ್ತ. ಅದರ ಒಳಮೈಯಲ್ಲೂ ಎರಡು ಹೆಸರಿದ್ದವು. ಮರಿಯಪ್ಪ, ಗೌರಿ. ಅಕ್ಷರ ಅವನದೇ.

ಜಯ ಗಾರೆಯ ಬಾಣಲಿಯನ್ನು ಮುಂದೆ ಚಾಚಿದಳು.

“ಅದನ್ನೂ ಇದ್ದಂಗೇ ಒಳಮೊಕ ಮಾಡಿ ಮಡಗಿ. ಹೋದ್ಸಲದ ರಿಪೇರಿಲಿ ನಾನು ಹಂಗೇ ಎತ್ಕೊಟ್ಟಿದ್ದೆ, ನೀವೇ ಕಟ್ಟಿದ್ರಿ.”