ಖಾಲಿ ಇರಬೇಕಿದ್ದ ಚೌಕಟ್ಟು

ಜಯರಾಜ ಕೊನೆಯ, ಮೂವತ್ತೆರಡನೆಯ ಚೌಕಟ್ಟನ್ನು ಬೋರಲು ಹಾಕಿ ಹಿಂಬದಿಯ ಮೊಳೆಗಳನ್ನು ಒಂದೊಂದಾಗಿ ಕಿತ್ತ. ಹಾಲ್‌ನಲ್ಲಿ ಬೇರೆ ಯಾರೂ ಇರಲಿಲ್ಲ. ಹಯಾಮಿ ಮೇಡಂ ಊಟಕ್ಕೆ ಹೋಗಿದ್ದರು, ಬರಲು ಇನ್ನೂ ಅರ್ಧ ಗಂಟೆ ಇತ್ತು. ಬಾಗಿಲಲ್ಲಿ ಅವನ ಊರಿನವಳೇ ಆದ ಐವಿ ಕಾವಲು ನಿಂತಿದ್ದಳು.

ಬಹ್ರೇನಿನ ರಾಜಧಾನಿ ಮನಾಮದ ಹಳೆಪೇಟೆ ಸೂಕ್‌ನಲ್ಲಿ ಫೋಟೊಗಳಿಗೆ ಕಟ್ಟು ಹಾಕುತ್ತ ಮೂವತ್ತು ವರ್ಷ ಕಳೆದವನು ಜಯರಾಜ. ಗಿರಾಕಿಯ ಕೆಲಸದಲ್ಲಿ ಕೈಯಾಡಿಸುವ ಹಲ್ಕಾತನ ಎಂದೂ ಮಾಡಿದವನಲ್ಲ. ಇವತ್ತು ಮಾಡುತ್ತಿದ್ದ, ಸಂತೋಷದಿಂದ ಮಾಡುತ್ತಿದ್ದ.

ಎರಡು ತಿಂಗಳ ಹಿಂದೆ ಹಯಾಮಿ ಅವನ ಅಂಗಡಿಗೆ ಬಂದಿದ್ದರು. ಎಪ್ಪತ್ತೈದರ ಜಪಾನಿ ಹೆಂಗಸು, ಮಗ ಇಲ್ಲಿ ಎಂಜಿನಿಯರ್. ಮಹಾಯುದ್ಧ ಮುಗಿದು ಎಂಬತ್ತು ವರ್ಷವಾಗುವ ದಿನ ಮನಾಮದ ಜಿಂಜ್‌ನ ಈ ಹಾಲ್‌ನಲ್ಲಿ ಚಿತ್ರಗಳ ಪ್ರದರ್ಶನ ಎಂದರು. ತಮ್ಮ ದೇಶ ಮೊದಲು ಹಡಗು ಕಟ್ಟಿತು, ಆಮೇಲೆ ತೈವಾನ್, ಕೊರಿಯಾ, ಮಂಚೂರಿಯಾ ಎಂದು ಒಂದೊಂದೇ ನುಂಗಿತು, ಕೊನೆಗೆ ಲೋಕಕ್ಕೆಲ್ಲ ಬೆಂಕಿ ಹಚ್ಚಿ ತಾನೂ ಸುಟ್ಟುಕೊಂಡಿತು. ಆ ಕಥೆಯಷ್ಟೂ ಹಳೆಯ ಫೋಟೊಗಳಾಗಿ ಅವರ ಚೀಲದಲ್ಲಿತ್ತು.

ಜಯರಾಜನಿಗೆ ಅದೆಲ್ಲ ಊರ ಉಸಾಬರಿ. ಇಪ್ಪತ್ತೆಂಟನೆಯ ಚಿತ್ರ ಕೈಗೆ ಬರುವ ತನಕ. ಈಗ ಥಾಯ್ಲೆಂಡ್ ಎನ್ನುವ ಸಯಾಮಿನ ಕಾಡು, ರೈಲು ಹಳಿ, ಬಿದಿರಿನ ಗುಡಿಸಲು, ಅದರ ಮೇಲೆ ಸುಣ್ಣದಲ್ಲಿ ಬರೆದ ಹದಿನೇಳು ಎಂಬ ಅಂಕಿ. ಮುಂದೆ ಕತ್ತಿ ಕಟ್ಟಿಕೊಂಡ ಅಧಿಕಾರಿ. ಅವರೇ ತಮ್ಮ ಅಪ್ಪ ಎಂದಿದ್ದರು ಹಯಾಮಿ.

ಅದೇ ಗುಡಿಸಲು, ಅದೇ ಹದಿನೇಳು ಜಯರಾಜನ ಇಲ್ಲಿನ ಅರಾದ್‌ನ ಮನೆಯ ಗೋಡೆಯ ಫೋಟೊದಲ್ಲೂ ಇತ್ತು. ಅದರ ಮುಂದೆ ನಿಂತವನು ಅವನ ಅಜ್ಜ ಕೊರಗ. ಮೂಲ್ಕಿಯಿಂದ ಮಲಯದ ರಬ್ಬರ್ ತೋಟಕ್ಕೆ ಹೋದವನನ್ನು ಜಪಾನಿನ ಸೇನೆ ಹಳಿ ಹಾಕಲು ಎಳೆದುಕೊಂಡು ಹೋಗಿತ್ತು. ಯುದ್ಧ ಮುಗಿದ ಮೇಲೆ ಊರಿಗೆ ಬದುಕಿ ಬಂದ ಒಬ್ಬನೇ ಒಬ್ಬ ಆ ಫೋಟೊವನ್ನು ಅಜ್ಜಿಯ ಕೈಗಿಟ್ಟು, ಕೊರಗನನ್ನು ಅಲ್ಲೇ ಕೊಂದರು ಎಂದಷ್ಟೇ ಹೇಳಿ, ಬೆಲ್ಲ ನೀರನ್ನೂ ಮುಟ್ಟದೆ ಹೊರಟುಹೋಗಿದ್ದನಂತೆ. ಪಾಪ, ಅವನಿಗೆ ಅಷ್ಟು ಸಂಕಟ ಎಂದು ಮನೆಯವರು ಈಗಲೂ ಹೇಳುತ್ತಾರೆ.

ಫೋಟೊದಲ್ಲಿ ಅಜ್ಜ ಗಟ್ಟಿ ಆಳು. ತುಂಬಿದ ಮೈಕೈ, ಕಾಲಲ್ಲಿ ಬೂಟು, ಹಾವು ಹೊಡೆಯಲೆಂದು ಕೈಯಲ್ಲೊಂದು ಬೆತ್ತ. ಹಿಂದೆ ಎಲುಬು ಬಿಟ್ಟ ನಾಲ್ಕಾರು ಕೂಲಿಗಳು ತಲೆ ತಗ್ಗಿಸಿ ನಿಂತಿದ್ದರು. ಇಂಥ ಆಳನ್ನೇ ಮುಗಿಸಿಬಿಟ್ಟರಲ್ಲ ಎಂದು ಜಯರಾಜನ ಅಪ್ಪ ಸಾಯುವವರೆಗೂ ಹಲ್ಲು ಕಡಿಯುತ್ತಿದ್ದ. ತುಳುವರ ಆಟಿ ತಿಂಗಳಲ್ಲಿ ಸತ್ತವರಿಗೆ ಬಡಿಸುವಾಗ ಇಂದಿಗೂ ಮೊದಲ ಎಲೆ ಕೊರಗನಿಗೆ.

ಎರಡನೆಯ ಎಲೆ ಪಾಸ್ಕುವಿಗೆ. ಅವನು ಐವಿಯ ಅಜ್ಜ, ಕೊರಗನ ಜೊತೆ ಅದೇ ಹಡಗು ಹತ್ತಿದವನು. ಅವನದು ಫೋಟೊವೂ ಬರಲಿಲ್ಲ, ಸುದ್ದಿಯೂ ಬರಲಿಲ್ಲ. ಐವಿ ಇಲ್ಲೇ ಒಂದು ಕ್ಲಿನಿಕ್‌ನಲ್ಲಿ ನರ್ಸ್. ಎರಡು ಮನೆಗಳಿಗೆ ಜಾತಿ ಬೇರೆ, ಭಾಷೆ ಬೇರೆ, ದುಃಖ ಮಾತ್ರ ಒಂದೇ ಆಗಿತ್ತು.

ಕೊನೆಯ ಚೌಕಟ್ಟು ಖಾಲಿಯೇ ಇರಲಿ ಎಂದಿದ್ದರು ಹಯಾಮಿ. ಯಾಕೆಂದು ಜಯರಾಜ ಕೇಳಿದ್ದ.

“ಅಪ್ಪನ ಕ್ಯಾಂಪಿನಲ್ಲಿ ಒಬ್ಬ ಭಾರತೀಯನಿದ್ದ. ಅವನ ಮುಖ ನಮಗೆ ಸಿಗಲಿಲ್ಲ. ಕೊನೆಗಾಲದಲ್ಲಿ ಅಪ್ಪ ಅವನನ್ನೇ ನೆನೆದು ನಿದ್ದೆಯಲ್ಲಿ ಬೆಚ್ಚಿಬೀಳುತ್ತಿದ್ದರು.”

ಹೆಸರು ಕೇಳಿದ. ಕೊರಗ ಎಂದರು. ಅದು ತನ್ನ ಅಜ್ಜ ಎಂಬುದನ್ನು ಜಯರಾಜ ಬಚ್ಚಿಟ್ಟ. ಮುಖವಿಲ್ಲದವನ ಮುಂದೆ ತಲೆ ಬಗ್ಗಿಸುವುದು ಸುಲಭ. ಕ್ಷಮೆ ಕೇಳಿ, ಚಹಾ ಕುಡಿದು, ಹಗುರಾಗಿ ಮನೆಗೆ ಹೋಗಬಹುದು. ಕೊಂದವನ ಮಗಳಿಗೆ ಆ ಸುಖ ಸಿಗಬಾರದು. ತನ್ನವರ ಎದುರಿಗೇ ಅವಳು ಆ ಮುಖ ನೋಡಬೇಕು, ನಾಚಿಕೆಯಿಂದ ಸಾಯಬೇಕು.

ಅವನು ಅಜ್ಜನ ಫೋಟೊವನ್ನು ಗಾಜಿನ ಹಿಂದೆ ಕೂರಿಸಿದ. ಮೊಳೆ ಹೊಡೆದ, ಅಂಚಿಗೆ ಟೇಪ್ ಹಚ್ಚಿದ, ಗೋಡೆಗೆ ತೂಗುಹಾಕಿ ಬಿಳಿ ಬಟ್ಟೆ ಮುಚ್ಚಿದ.

ಐದು ಗಂಟೆಗೆ ಹಾಲ್ ತುಂಬಿತು. ಜಪಾನಿಗಳು, ಬಹ್ರೇನಿಗಳು, ಇಂಗ್ಲಿಷರು, ನಮ್ಮವರೂ ಒಂದಷ್ಟು ಜನ. ಹಯಾಮಿ ಒಂದೊಂದೇ ಚಿತ್ರದ ಮುಂದೆ ನಿಂತು ವಿವರಿಸುತ್ತ ಬಂದರು. ತಮ್ಮ ಅಪ್ಪನ ಮುಂದೆ ನಿಂತಾಗ, ಇವರ ಕೈಕೆಳಗೆ ನಾನೂರು ಜನ ಸತ್ತರು ಎಂದು ನೇರವಾಗಿಯೇ ಹೇಳಿದರು. ಜಯರಾಜನಿಗೆ ಅದೂ ನಾಟಕ ಅನ್ನಿಸಿತು.

ಕೊನೆಯ ಚೌಕಟ್ಟಿನ ಬಟ್ಟೆ ಸರಿಸಿದ್ದೇ ಅವರು ಗಾಜಿನ ಹತ್ತಿರಕ್ಕೆ ಬಗ್ಗಿದರು. ಆ ಚೌಕಟ್ಟಿನ ಮುಂದೆ ಓದಲೆಂದು ಇಂಗ್ಲಿಷಿನಲ್ಲಿ ಬರೆದ ಹಾಳೆ ಕೈಯಲ್ಲಿತ್ತು.

ಜಯರಾಜ ಜನರನ್ನು ಸರಿಸಿಕೊಂಡು ಮುಂದೆ ಬಂದ. ತನ್ನ ಹರುಕು ಇಂಗ್ಲಿಷಿನಲ್ಲೇ ಎಲ್ಲರಿಗೂ ಕೇಳುವ ಹಾಗೆ ಹೇಳಿದ. “ಇವರೇ ಕೊರಗ. ನನ್ನ ಅಜ್ಜ. ಈಗ ಹೇಳಿ, ಕ್ಯಾಂಪಿನಲ್ಲಿ ಏನು ನಡೆಯಿತು?”

ಹಯಾಮಿ ಫೋಟೊವನ್ನು ನೋಡಿದರು, ಅವನನ್ನು ನೋಡಿದರು, ಹಾಳೆಯನ್ನು ನಿಧಾನವಾಗಿ ಮಡಚಿದರು.

“ಬೇಡ ಜಯರಾಜ್. ನನಗೆ ಗೊತ್ತಿರಲಿಲ್ಲ. ಇವತ್ತು ಇದನ್ನು ಓದುವುದಿಲ್ಲ.”

ಸಿಕ್ಕಿಬಿದ್ದಳು ಎಂದುಕೊಂಡ ಜಯರಾಜ. ಎಂಬತ್ತು ವರ್ಷದ ಹಗೆ ತೀರುವ ಗಳಿಗೆ ಇದು, ಬಿಟ್ಟರೆ ಮತ್ತೆ ಸಿಗದು. ಅವರ ಕೈಯಿಂದ ಹಾಳೆ ಕಿತ್ತು ಐವಿಗೆ ಕೊಟ್ಟ.

“ಓದು ಮಾರಾಯ್ತಿ. ದೊಡ್ಡಕ್ಕೆ ಓದು, ಎಲ್ಲರಿಗೂ ಕೇಳ್ಲಿ. ನಂಗೆ ಕನ್ನಡದಲ್ಲೂ ಹೇಳು.”

ಐವಿ ಒಂದೊಂದು ಸಾಲನ್ನು ಇಂಗ್ಲಿಷಿನಲ್ಲಿ ಓದಿ, ಅವನಿಗಾಗಿ ಕನ್ನಡದಲ್ಲಿ ಹೇಳುತ್ತ ಹೋದಳು. ಹಯಾಮಿ ಬರೆದದ್ದು ಹೀಗಿತ್ತು: ಕೊರಗ ಈ ಕ್ಯಾಂಪಿನ ಮೇಸ್ತ್ರಿ, ಅವನನ್ನು ನೇಮಿಸಿದ್ದು ನನ್ನ ಅಪ್ಪ. ಜ್ವರದಲ್ಲಿ ಏಳಲಾಗದ ಕೂಲಿಗಳನ್ನು, ತನ್ನ ಊರಿನವರನ್ನೂ ಬಿಡದೆ, ಅವನು ಹೊಡೆದು ಕೊಂದ. ಯುದ್ಧ ಮುಗಿದ ದಿನ ಉಳಿದ ಕೂಲಿಗಳು ಸೇರಿ ಅವನನ್ನು ಕೊಂದರು. ಅವನ ಕೈಯಲ್ಲಿ ಸತ್ತವರು ಇವರು, ಎಂದು ಕೆಳಗೆ ಹೆಸರುಗಳಿದ್ದವು.

ಐವಿ ಮೂರು ಹೆಸರು ಓದಿದಳು. ನಾಲ್ಕನೆಯದು ಅವಳ ಅಜ್ಜನದು.